ಅಭಯಕುಮಾರರ ಶಕ್ತಿ ಗುಳಿಗೆ

ಖಿನ್ನತೆಗೆಂದು ಕೊಲ್ಹಾಪುರದ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಅಭಯಕುಮಾರರು ಮನೆಯಲ್ಲಿ ಶಕ್ತಿ ಗುಳಿಗೆ ಎಂದೇ ನಂಬಿಸಿದ್ದರು. ಮಗ್ಗಗಳನ್ನು ಮಗನಿಗೆ ಒಪ್ಪಿಸಿದ ಮೇಲೆ ಅವರಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಆದರೆ ಇಚಲಕರಂಜಿಯ ಓಣಿಯಲ್ಲಿ ಹುಚ್ಚಿನ ಗುಳಿಗೆ ಎಂಬ ಮಾತು ಎದ್ದರೆ ಮೊಮ್ಮಗಳು ಸೋನಲಳಿಗೆ ವರ ಸಿಕ್ಕ ಹಾಗೆಯೇ. ಒಂದು ದಿನ ಗಡಹಿಂಗ್ಲಜದಿಂದ ಒಳ್ಳೆಯ ಮನೆತನದವರು ಕನ್ಯೆ ನೋಡಲು ಬರುವವರಿದ್ದರು.

ಅಂದು ಬೆಳಿಗ್ಗೆಯೇ ಅಭಯಕುಮಾರರಿಗೆ ತಲೆ ತಿರುಗಿತು. ಹೆಂಡತಿ ಹೀರಾಬಾಯಿ ಕೂಗುವ ಮೊದಲೇ ಪಕ್ಕದ ಮನೆಯ ಸತ್ಯಪ್ಪ ಹಾಜರಾದ. ತನಗೆ ಬಿಪಿ ಇದೆ ಎಂಬ ಒಂದೇ ಅರ್ಹತೆಯ ಮೇಲೆ ಓಣಿಗೆಲ್ಲ ವೈದ್ಯ ಮಾಡುವ ಮನುಷ್ಯ ಅವನು.

"ಇದು ಬಿಪಿನ ಐತ್ರಿ ವೈನಿ. ಉಪ್ಪು ಪೂರಾ ಬಂದ್ ಮಾಡ್ರಿ, ನೀರು ಭಾಳ ಕುಡಸ್ರಿ" ಎಂದ.

ಉಪ್ಪಿಲ್ಲದ ಗಂಜಿ, ತಂಬಿಗೆಗಟ್ಟಲೆ ನೀರು. ಮಧ್ಯಾಹ್ನದ ಹೊತ್ತಿಗೆ ಅಭಯಕುಮಾರರಿಗೆ ಯಾರು ಯಾರೆಂಬುದೇ ತಿಳಿಯದಾಯಿತು. ವರನ ಅಜ್ಜ ರಾವಸಾಹೇಬರು ಫೇಟಾ ಸುತ್ತಿಕೊಂಡು ಬಂದು ಕೈಮುಗಿದರೆ, ಇವರು ಅವರನ್ನು ತಮ್ಮ ಹಳೆಯ ಮಗ್ಗದ ಆಳೆಂದು ತಿಳಿದು ಗದರಿದರು.

"ನೂಲಿನ ಕಾಂಡಿ ಖಾಲಿ ಆಗಿ ಮಗ್ಗ ನಿಂತೈತಿ. ನೀ ಫೇಟಾ ಸುತ್ಕೊಂಡು ಎಲ್ಲಿಗ್ ಹೊಂಟೀಯೋ?"

ಹಾಗೆಂದವರೇ ಅವಲಕ್ಕಿ ತಟ್ಟೆಯ ಮೇಲೆ ಕುಸಿದರು. ಬೀಗರಾಗಬೇಕಾದವರ ಕಾರಿನಲ್ಲೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ರಕ್ತದಲ್ಲಿ ಸೋಡಿಯಂ ಪಾತಾಳಕ್ಕೆ ಇಳಿದಿದೆ ಎಂದು ಅಲ್ಲಿನ ಡಾಕ್ಟರು ಸಲೈನ್ ಹಚ್ಚಿಸಿದರು. ಸೋಡಿಯಂ ಎಂದರೆ ಉಪ್ಪು ಎಂದು ತಿಳಿದದ್ದೇ ತಡ, ಸತ್ಯಪ್ಪ ಚಹಾ ಕುಡಿದು ಬರುತ್ತೇನೆಂದು ಜಾಗ ಖಾಲಿ ಮಾಡಿದ.

ಸಂಜೆ ಡಾಕ್ಟರು ಬಂದು ಯಾವ ಔಷಧಿ ನಡೆದಿದೆ ಎಂದು ಕೇಳಿದರು. ಶಕ್ತಿ ಗುಳಿಗೆ ಬಿಟ್ಟರೆ ಬೇರೇನೂ ಇಲ್ಲವೆಂದರು ಹೀರಾಬಾಯಿ. ಆಗ ರಾವಸಾಹೇಬರು ಮಂಚದ ಹತ್ತಿರ ಬಂದರು.

"ನಂಗೂ ಹಿಂಗ ಆಗಿತ್ರಿ. ಮನಸಿನ ಗುಳಗಿ ತಗೋತೇನಿ ನಾ. ವಯಸ್ಸಾದವ್ರಿಗೆ ಅದರಿಂದ ಸೋಡಿಯಂ ಇಳೀತೈತಂತ. ಗುಳಗಿ ಬದಲ ಮಾಡಿದ್ರು, ಆರಾಮ ಆದೆ. ಇದರಾಗ ನಾಚೂದೇನೈತ್ರಿ?"

ಅಭಯಕುಮಾರರ ಕಣ್ಣು ತುಂಬಿತು. ಇಂಥ ಬೀಗರು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಎಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದರು.

ಅಷ್ಟರಲ್ಲಿ ಹೀರಾಬಾಯಿ ಸೆರಗು ಬಿಗಿದುಕೊಂಡು ಎದ್ದರು. "ಹುಚ್ಚಿನ ಗುಳಗಿ ನುಂಗೂ ಮನಿಗೆ ನಮ್ಮ ಹುಡುಗಿನ್ನ ಕೊಡಂಗಿಲ್ರಿ. ನಮ್ಮ ಮನಿತನದಾಗ ಇಂಥಾದ್ದು ಯಾರಿಗೂ ಇಲ್ಲ. ಹೌದಲ್ರಿ?" ಎಂದು ಗಂಡನ ಕಡೆ ತಿರುಗಿದರು. ಡಾಕ್ಟರೂ ಅತ್ತಲೇ ನೋಡಿದರು.

ಸಲೈನ್ ತನ್ನ ಕೆಲಸ ಮಾಡಿತ್ತು. ಸುಳ್ಳು ಹೇಳುವಷ್ಟು ಅಭಯಕುಮಾರರ ತಲೆ ತಿಳಿಯಾಗಿತ್ತು.

"ಹೌದು, ಯಾರಿಗೂ ಇಲ್ಲ" ಎಂದರು.

ರಾವಸಾಹೇಬರು ಕೈಮುಗಿದು ಹೊರಟುಹೋದರು. ಕಾರಣ ಕೈಗೆ ಸಿಗದ ಡಾಕ್ಟರು, ಮುದುಕರಿಗೆ ನಿಶ್ಶಕ್ತಿ ಬಹಳವಿದೆ, ಶಕ್ತಿ ಗುಳಿಗೆ ಒಂದು ದಿನವೂ ತಪ್ಪಿಸಬೇಡಿ ಎಂದು ಹೀರಾಬಾಯಿಗೆ ತಾಕೀತು ಮಾಡಿದರು.