ಸಣ್ಣಜ್ಜ ನಿದ್ದೆಯಲ್ಲಿ ಸೈಕಲ್ ಕಲಿತದ್ದು

ನಮ್ಮ ಸಣ್ಣಜ್ಜನಷ್ಟು ಶ್ರಮಪಟ್ಟು ನಿದ್ದೆ ಮಾಡಿದವರು ಪುತ್ತಿಗೆಯಲ್ಲಿ ಇನ್ನೊಬ್ಬರಿಲ್ಲ. ಅಜ್ಜನ ಈ ತಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೊರಟರು. ಮೂಡುಬಿದಿರೆಯಲ್ಲಿ ಹಾಸಿಗೆ ಹಿಡಿದಿದ್ದ ತನ್ನ ಅಕ್ಕನ ಜೊತೆ ಕೂತು ಒಂದು ಹೊತ್ತು ಉಣ್ಣಬೇಕೆಂಬುದೇ ಅವರ ಆಸೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅವರ ಬಸದಿಯ ಕೆಲಸ ಮುಗಿಯುವಾಗ ಸಂಜೆ ನಾಲ್ಕೂವರೆ. ಆಮೇಲಿನ ಬಸ್ಸು ಅಲ್ಲಿಗೆ ಮುಟ್ಟುವಾಗ ಕತ್ತಲೆ. ನಡೆಯಲಾರದ ಮೊಣಕಾಲು ಪೆಡಲು ತುಳಿದೀತೆಂಬ ಧೈರ್ಯ ಅವರಿಗೆ ಎಲ್ಲಿಂದ ಬಂತೋ!

ತಪ್ಪು ನನ್ನದೂ ಹೌದು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದವಳು, ರಜೆಯಲ್ಲಿ ಬಂದು, ಹಗಲು ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ ಎಂದುಬಿಟ್ಟೆ.

"ಇಡ್ಲಿ ಹಿಟ್ಟು ಹುಳಿ ಬಂದ ಹಾಗೆ," ಎಂದು ಸಣ್ಣಜ್ಜ ಒಪ್ಪಿದರು.

ಅಂದಿನಿಂದ ಹತ್ತು ನಿಮಿಷ ಸೈಕಲ್, ಎರಡು ಗಂಟೆ ನಿದ್ದೆ. ಅದೂ ಕಚ್ಚೆ ಬಿಚ್ಚದೆ. ಬಿಚ್ಚಿದರೆ ಕಲಿತದ್ದು ಉದುರಿ ಹೋಗುತ್ತದಂತೆ! ಆದರೆ ಮುದಿ ನಿದ್ದೆ, ಎಲೆ ಬಿದ್ದರೂ ಎಚ್ಚರ. ಗೋಡೆ ಗಡಿಯಾರ ನಿಂತಿತು. ದನದ ಕೊರಳ ಗಂಟೆಯೊಳಗೆ ಬಟ್ಟೆ ಹೋಯಿತು. ಅಮ್ಮ ತೆಂಗಿನಕಾಯಿ ತುರಿಯಲು ಹಲಸಿನ ಮರದಡಿಗೆ ಹೋಗಬೇಕಾಯಿತು. ಇಷ್ಟಾದರೂ ಮರುದಿನ ಅದೇ ದಾಸವಾಳದ ಬುಡದ ಚರಂಡಿಗೆ ಬಿದ್ದರು.

"ನಿನ್ನೆ ಬಿದ್ದದ್ದು ಮಾತ್ರ ಸರಿಯಾಗಿ ನೆನಪುಂಟು," ಎಂದರು.

"ಅಷ್ಟಾದರೂ ಗಟ್ಟಿಯಾಯ್ತಲ್ಲ ಮಾವ," ಎಂದರು ಅಮ್ಮ.

ಹದಿನೈದು ದಿನವಾದ ಮೇಲೆ ಸಣ್ಣಜ್ಜ ನನ್ನನ್ನು ಕರೆದರು. "ನನ್ನ ನಿದ್ದೆಗೆ ತೂತು ಬಿದ್ದಿದೆ ಮಾರಾಯ್ತಿ. ತುಂಬಿಸಿದ್ದೆಲ್ಲ ಸೋರ್ತದೆ. ನೀನು ಹೇಗೆ ನಿದ್ದೆ ಮಾಡ್ತಿ?"

"ಮಲಗ್ತೇನೆ, ಬೆಳಗಾಗ್ತದೆ."

"ಹಾಗಾದರೆ ನೀನೇ ಕಲಿ. ನನ್ನದನ್ನೂ ಸೇರಿಸಿ ಮಲಗು."

ನಾಲ್ಕೇ ರಾತ್ರಿ ಸಾಕಾದವು. ಐದನೆಯ ಸಂಜೆ ಸೆರಗು ಬಿಗಿದು, ಕ್ಯಾರಿಯರಿನಲ್ಲಿ ಸಣ್ಣಜ್ಜನನ್ನು ಕೂರಿಸಿಕೊಂಡು ಹೊರಟೆ. ಮೂಡುಬಿದಿರೆ ಪೇಟೆಯಲ್ಲಿ ಅಂಗಡಿಯವರು ತಕ್ಕಡಿ ಕೈಯಲ್ಲಿ ಹಿಡಿದೇ ನೋಡುತ್ತ ನಿಂತರು. ಹುಡುಗಿಯರು ಸೈಕಲ್ ಬಿಡುವ ಕಾಲವೇ ಅದು? ನಾನು ತಲೆ ತಗ್ಗಿಸಿ ತುಳಿದೆ. ಸಣ್ಣಜ್ಜ ಮಾತ್ರ ಎಲ್ಲರಿಗೂ ಹೇಳಿದರು: "ನಾನೇ ಕಲಿಸಿದ್ದು."

ಅಕ್ಕನ ಮನೆ ಮುಟ್ಟುವಾಗ ಹೊತ್ತು ಇನ್ನೂ ತೆಂಗಿನ ತಲೆಯ ಮೇಲಿತ್ತು. ಮನೆಯವರು ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿ, ಇಬ್ಬರಿಗೂ ಬಡಿಸಿದರು. ಅಕ್ಕನಿಗೆ ಆಗಲೇ ಮುಖಗಳೆಲ್ಲ ಮರೆತುಹೋಗಿದ್ದವು. ಎರಡು ತುತ್ತು ಉಂಡು ನಿಲ್ಲಿಸಿದರು.

"ತಮ್ಮ ಇನ್ನೂ ಬರಲಿಲ್ಲ. ಅವನಿಗೆ ಸ್ವಲ್ಪ ತೆಗೆದಿಡುವ."

ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ಸಣ್ಣಜ್ಜ ತನ್ನ ತಟ್ಟೆಯಲ್ಲೇ ಒಂದು ಹಿಡಿ ಅನ್ನವನ್ನು ಬದಿಗೆ ಸರಿಸಿದರು.

"ಇಡುವ ಅಕ್ಕ," ಎಂದರು. "ನೀನು ಉಣ್ಣು. ಅವನು ಬರ್ತಾನೆ."