ಕುಸುಬಿ ಎಣ್ಣೆಯ ಪಿಸ್ತೂಲು

ಸಂಗಮೇಶ, ಪೂರ್ಣಿಮಾ, ನಿಮ್ಮ ಆಯಿ ಅಂಜುಬುರುಕಿ ಎಂಬುದನ್ನು ನಾನು ಬರೆದು ತಿಳಿಸಬೇಕಾಗಿಲ್ಲ. ಕುಕ್ಕರು ಸೀಟಿ ಹೊಡೆಯುವ ಹೊತ್ತಾಯಿತೆಂದರೆ ಪಡಸಾಲೆಗೆ ಬಂದು ನಿಲ್ಲುತ್ತೇನೆ. ಫೋನಿನಲ್ಲಿ ಗುರುತಿಲ್ಲದ ಗಂಡಸಿನ ದನಿ ಕೇಳಿದರೆ ಫೋನು ನಿಮ್ಮ ಕೈಗೆ ಕೊಟ್ಟು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತೇನೆ. ಇದನ್ನೆಲ್ಲ ನೋಡಿ ನೀವೇ ಬೇಕಾದಷ್ಟು ನಕ್ಕಿದ್ದೀರಿ. ಆದರೆ ಅಂಜುವವರಲ್ಲಿಯೂ ಎರಡು ನಮೂನೆ. ಕೆಲವರು ಓಣಿಗೆಲ್ಲ ಕೇಳುವಂತೆ ಚೀರುತ್ತಾರೆ. ಅವರ ಅಂಜಿಕೆ ಅಲ್ಲಿಗೇ ಮುಗಿಯುತ್ತದೆ. ಇನ್ನು ಕೆಲವರು ಬಾಯಿ ಮುಚ್ಚಿಕೊಂಡು ಅಂಜುತ್ತಾರೆ. ಅವರ ಅಂಜಿಕೆ ಭರಣಿಯಲ್ಲಿಟ್ಟ ಉಪ್ಪಿನಕಾಯಿಯ ಹಾಗೆ ಒಳಗೇ ಕೂತು ಖಾರವಾಗುತ್ತದೆ. ನಾನು ಎರಡನೆಯ ನಮೂನೆಯವಳು. ಚಿಕ್ಕನರಗುಂದದ ಸಾಲೆಯಲ್ಲಿ ಕಲಿಯುವಾಗಲೂ ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ, ಬರೆಯಿರಿ ಎಂದರೆ ಮಾತ್ರ ಬರೆಯುತ್ತಿದ್ದೆ. ಈಗಲೂ ಹಾಗೆಯೇ. ಈ ವರ್ಷ ನಮ್ಮ ಮನೆಯಲ್ಲಿ ದೇಶಿ ಪಿಸ್ತೂಲು ಖಾತ್ರಿಯೋ ಫಾರಿನ್ ಪಿಸ್ತೂಲು ಖಾತ್ರಿಯೋ ಎಂದು ಪಂಚಮಿಯಿಂದ ದಸರೆಯ ತನಕ ವಾದ ನಡೆಯಿತಲ್ಲ, ಆ ಮಾತು ಬಂದಾಗಲೆಲ್ಲ ನಿಮ್ಮನ್ನು ಹೊರಗೆ ಆಡಲು ಅಟ್ಟುತ್ತಿದ್ದರಲ್ಲ, ಆ ಸಂಗತಿಯನ್ನು ಬರೆಯುತ್ತಿದ್ದೇನೆ. ನಿಮ್ಮನ್ನು ಅಟ್ಟಿದಾಗ ನಿಮ್ಮ ಹಿಂದೆಯೇ ಓಡಿಹೋಗಬೇಕೆಂದು ನನಗೂ ಅನಿಸುತ್ತಿತ್ತು.

ನಿಮ್ಮ ಮುತ್ಯಾ, ಎಂದರೆ ನನ್ನ ಯಜಮಾನರು, ಕಾಳಿನ ವ್ಯಾಪಾರಿ. ಗಜೇಂದ್ರಗಡದಿಂದ ರೋಣ, ನರಗುಂದ ಎಂದು ಪೇಟೆಪೇಟೆ ತಿರುಗಿ ಹೆಸರು, ಕಡಲೆ ಖರೀದಿ ಮಾಡುತ್ತಿದ್ದರು. ರೊಕ್ಕ ಇಟ್ಟುಕೊಂಡು ಒಬ್ಬರೇ ಓಡಾಡುವವರೆಂದು ಅವರಿಗೆ ಪಿಸ್ತೂಲಿನ ಲೈಸೆನ್ಸ್ ಸಿಕ್ಕಿತ್ತು. ಯಾರೋ ಹಳೆಯ ಸಾವಕಾರರ ಮನೆಯಿಂದ ಒಂದು ಫಾರಿನ್ ಪಿಸ್ತೂಲು ಕಾಗದಪತ್ರ ಸಮೇತ ಕೊಂಡು ತಂದರು. ತಂದ ದಿನ ಹೊಲಕ್ಕೆ ಹೋಗಿ ಹಾರಿಸಿ ನೋಡಿ ಬಂದರು, ಸಂಜೆಯ ತನಕ ಕಿವಿಯಲ್ಲಿ ಬೆರಳಿಟ್ಟು ಅಲುಗಾಡಿಸುತ್ತ ಕೂತಿದ್ದರು. ಆಮೇಲೆ ಅದು ಹಾರಿದ್ದನ್ನು ನಾನು ಕಂಡಿಲ್ಲ, ಕೇಳಿಯೂ ಇಲ್ಲ. ಪೇಟೆಗೆ ಹೋಗುವಾಗ ಸೊಂಟಕ್ಕೆ, ಬಂದ ಮೇಲೆ ಖಣದ ಬಟ್ಟೆಯಲ್ಲಿ ಸುತ್ತಿ ತಿಜೋರಿಗೆ.

ವರ್ಷಕ್ಕೊಮ್ಮೆ ಮಹಾನವಮಿಯ ಆಯುಧ ಪೂಜೆಗೆ ಮಾತ್ರ ಅದು ಎಲ್ಲರೆದುರು ಬರುತ್ತಿತ್ತು. ಕಂಬಳಿಯ ಮೇಲೆ ಕುಡಗೋಲು, ಕೊಡಲಿ, ಈಳಿಗೆ, ತಕ್ಕಡಿಯ ಪಕ್ಕದಲ್ಲಿ ಅದಕ್ಕೂ ಜಾಗ. ಪೂಜೆಗೆ ಮುಂಚೆ ಮನೆಯ ಕಬ್ಬಿಣಕ್ಕೆಲ್ಲ ಗಾಣದ ಕುಸುಬಿ ಎಣ್ಣೆ ಕೊಡುವುದು ನಮ್ಮ ಅತ್ತೆಯವರು ಹಾಕಿಕೊಟ್ಟ ಪದ್ಧತಿ. "ವರ್ಷಾನಗಟ್ಟಲೆ ದುಡದಿರತಾವ ಪಾಪ, ಹಸದಿರತಾವ. ಒಣಾ ಪೂಜಿ ಮಾಡಬ್ಯಾಡ್ರಿ" ಎನ್ನುತ್ತಿದ್ದರು. ಕುಡಗೋಲಿಗೆ ಬಟ್ಟೆಯಲ್ಲಿ ಅದ್ದಿ ಹಚ್ಚಿದರೆ ಆಯಿತು. ಪಿಸ್ತೂಲಿಗೆ ಬಾಯಿಯೇ ಇತ್ತಲ್ಲ, ಅದಕ್ಕೆ ಕುಡಿಸುತ್ತಿದ್ದೆವು. ಮುತ್ಯಾ ಗುಂಡಿನ ಡಬ್ಬಿ ತೆಗೆದು ಬದಿಗಿಟ್ಟು ಅದನ್ನು ಮೇಲ್ಮುಖವಾಗಿ ಹಿಡಿಯುತ್ತಿದ್ದರು, ನಾನು ಕಣ್ಣು ಅರ್ಧ ಮುಚ್ಚಿ ಚಮಚದಿಂದ ಹೊಯ್ಯುತ್ತಿದ್ದೆ. ಪ್ರತಿ ಸಲ ಅವರದು ಅದೇ ಮಾತು: "ಇನ್ನೊಂದ ಚಮಚಾ ಹಾಕು. ಇದರ ಹೊಟ್ಟಿ ದೊಡ್ಡದೈತಿ."

ಇಷ್ಟಾದರೂ ಆ ತಿಜೋರಿಗೆ ಬೆನ್ನು ಮಾಡಿ ಮಲಗಲು ನನಗೆ ಧೈರ್ಯವಿರಲಿಲ್ಲ. ನನಗೆ ಸಮಾಧಾನ ಸಿಗುತ್ತಿದ್ದದ್ದು ಎಲೆಕ್ಷನ್ ಬಂದಾಗ. ಎಲೆಕ್ಷನ್ ಸಾರಿದ ಕೂಡಲೇ ಲೈಸೆನ್ಸ್ ಇದ್ದವರೆಲ್ಲ ತಮ್ಮ ಪಿಸ್ತೂಲು, ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಯಾರು ಗೆದ್ದರು ಯಾರು ಸೋತರು ನನಗೆ ಬೇಕಾಗಿರಲಿಲ್ಲ. ಯಾವುದಾದರೊಂದು ಎಲೆಕ್ಷನ್ ನಡೆಯುತ್ತಿರಲಿ ಎಂದು ಇಟಗಿಯ ಭೀಮಾಂಬಿಕಾ ದೇವಿಗೆ ಕೈಮುಗಿದವಳು ತಾಲೂಕಿನಲ್ಲಿ ನಾನೊಬ್ಬಳೇ ಇದ್ದೇನು. ಆದರೆ ಪಿಸ್ತೂಲು ಠಾಣೆಗೆ ಹೋದ ಮರುದಿನವೇ ಇನ್ನೊಂದು ಅಂಜಿಕೆ ಶುರುವಾಗುತ್ತಿತ್ತು. ಇವರು ಬರಿಗೈಯಲ್ಲಿ ನರಗುಂದದಿಂದ ಬರುತ್ತಾರಲ್ಲ, ದಾರಿಯಲ್ಲಿ ಯಾರಾದರೂ ಅಡ್ಡಗಟ್ಟಿದರೆ? ಅದು ಇದ್ದರೆ ಅದರ ಅಂಜಿಕೆ, ಇಲ್ಲದಿದ್ದರೆ ಇವರ ಅಂಜಿಕೆ. ಇದನ್ನು ನಾನು ಯಾರಿಗೆ ಹೇಳಲಿ?

ಮುತ್ಯಾ ತೀರಿಕೊಂಡ ಮೇಲೆ ಪಿಸ್ತೂಲನ್ನು ಠಾಣೆಯಲ್ಲಿಟ್ಟರು. ಮುಂದೆ ಲೈಸೆನ್ಸ್ ನಿಮ್ಮಪ್ಪ ಈರಣ್ಣನ ಹೆಸರಿಗಾಯಿತು. ಅವನಿಗೂ ಅವಸರವಿರಲಿಲ್ಲ, ನನಗಂತೂ ಇರಲೇ ಇಲ್ಲ. ಅಷ್ಟರಲ್ಲಿ ಈ ವರ್ಷ ಪಂಚಮಿಯ ಮುಂಚೆ ಒಂದು ಸಂಜೆ ಈರಣ್ಣ ನರಗುಂದದಿಂದ ಕಾರಿನಲ್ಲಿ ಬಂದವನು ಬಾಗಿಲಲ್ಲೇ ಕುಸಿದು ಕೂತ. ಮುಶಿಗೇರಿಯ ಹತ್ತಿರದಿಂದ ಒಂದು ಮೋಟಾರ್ ಸೈಕಲ್ ಬೆನ್ನುಹತ್ತಿತ್ತಂತೆ. ಇವನು ಜೋರು ಹೊಡೆದರೆ ಅವರೂ ಜೋರು. ಕೈ ಬೀಸಿ ನಿಲ್ಲು ನಿಲ್ಲು ಎಂದು ಒದರುತ್ತಿದ್ದರಂತೆ. "ಪಿಸ್ತೂಲ ಇದ್ದಿದ್ರ ಅಲ್ಲೇ ಗಾಡಿ ನಿಲ್ಲಿಸಿ ತೋರಿಸ್ತಿದ್ದೆ" ಎಂದ. ನಿಮ್ಮಪ್ಪನ ಸಿಟ್ಟು ನಿಮಗೆ ಗೊತ್ತು. ಕ್ರಿಕೆಟ್‌ನಲ್ಲಿ ನಮ್ಮವರು ಸೋತರೆ ನಮ್ಮ ಮನೆಯ ಟಿ.ವಿ. ರಿಮೋಟು ಗೋಡೆಗೆ ಬಡಿಯುತ್ತದೆ. ಅಂಥವನ ಕೈಗೆ ಪಿಸ್ತೂಲು! ಬೆನ್ನುಹತ್ತಿದವರನ್ನು ನೆನೆದು ಒಮ್ಮೆ ಅಂಜಿದೆ, ನನ್ನ ಮಗನನ್ನು ನೆನೆದು ಇನ್ನೊಮ್ಮೆ ಅಂಜಿದೆ. ಆ ಗದ್ದಲದಲ್ಲಿ ನಿಮಗೆಂದು ತಂದಿದ್ದ ಪಂಚಮಿಯ ಬಟ್ಟೆಯ ಚೀಲ ಕಾರಿನಲ್ಲಿ ಸಿಗಲಿಲ್ಲ. ಅಂಗಡಿಯವನೇ ಇಡಲು ಮರೆತನೆಂದು ಈರಣ್ಣ ಫೋನಿನಲ್ಲಿ ಅವನ ಮೇಲೂ ಹರಿಹಾಯ್ದ.

ಮರುದಿನದಿಂದ ವಾದ ಶುರುವಾಯಿತು. ಅಪ್ಪನ ಫಾರಿನ್ ಪಿಸ್ತೂಲನ್ನೇ ಬಿಡಿಸಿಕೊಂಡು ಬರುವುದೋ, ಅದನ್ನು ಮಾರಿ ನಮ್ಮ ದೇಶದ ಕಾರಖಾನೆಯ ಹೊಸ ದೇಶಿ ಪಿಸ್ತೂಲು ತರುವುದೋ? ಫಾರಿನ್ ಪಕ್ಷಕ್ಕೆ ನಿಮ್ಮ ಸಣ್ಣ ಮುತ್ಯಾ, ಎಂದರೆ ನನ್ನ ಮೈದುನ ಶಿವಪ್ಪ. ದೇಶಿ ಪಕ್ಷಕ್ಕೆ ಈರಣ್ಣ.

"ಫಾರಿನ್ ಖರೇ ಕಾಕಾ, ಕೆಟ್ಟರ ಸಾಮಾನ ಎಲ್ಲಿಂದ ತರೂದು? ದೇಶೀದಾದ್ರ ಹುಬ್ಬಳ್ಯಾಗ ರಿಪೇರಿ ಆಗತೈತಿ."

"ಕೆಟ್ಟರ ಅಲ್ಲೇನೋ? ಅದು ಕೆಡೂದ ಇಲ್ಲ. ಅಣ್ಣ ಇಷ್ಟ ವರ್ಷ ಇಟಗೊಂಡಿದ್ದ, ಒಮ್ಮಿಯರ ಕೈ ಕೊಟ್ಟೈತೇನು?"

"ತಂದ ದಿನ ಬಿಟ್ಟರ ಒಮ್ಮಿಯರ ಹಾರಿಸಿದ್ನೇನು ಅಪ್ಪ? ಹಾರಿಸದ ಅದು ಹ್ಯಾಂಗ ಕೈ ಕೊಡತೈತಿ?"

"ಯಾಕ್ರಿ ವೈನಿ, ನೀವರ ಹೇಳ್ರಿ" ಎಂದು ಶಿವಪ್ಪ ನನ್ನ ಕಡೆ ತಿರುಗಿದರೆ ನಾನು "ಚಾ ಇಡ್ಲೇನು?" ಎಂದು ಒಳಗೆ ಹೋಗುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬಳಕೆಯಾದಷ್ಟು ಚಹಾಪುಡಿ ಮದುವೆಯ ಮನೆಯಲ್ಲೂ ಆಗಿರಲಿಕ್ಕಿಲ್ಲ. ನಿಮ್ಮವ್ವ ಶೈಲಾ ಮಾತ್ರ ಒಲೆಯ ಮುಂದಿನಿಂದಲೇ, "ನನ್ನ ಮಿಕ್ಸರ್ ತರೂಮುಂದ ಇದರ ಅರ್ಧ ವಿಚಾರ ಮಾಡಿದ್ರ ಅದು ಪಂಚಮಿ ಉಂಡಿ ಕಟ್ಟೂಮುಂದ ಸುಡತಿರಲಿಲ್ಲ" ಎಂದಳು. ಇಬ್ಬರೂ ಇನ್ನೊಂದು ಕಪ್ ಚಹಾ ಕೇಳಿದರು.

ಎರಡೂ ಅರ್ಧ ಅಟೋಮ್ಯಾಟಿಕ್ ಅಂತೆ. ಹಾಗೆಂದರೇನು ಎಂದು ನಾನು ಹೆದರಿ ಹೆದರಿ ಕೇಳಿದೆ. ಈರಣ್ಣ ನಮ್ಮ ಬೋರ್‌ವೆಲ್ಲಿನ ಹೋಲಿಕೆ ಕೊಟ್ಟ. ಅಲ್ಲಿ ಕರೆಂಟು ಬಂದರೆ ಮೋಟಾರು ತಾನೇ ಚಾಲೂ ಆಗುತ್ತದಲ್ಲ, ಇಲ್ಲಿ ಒಂದು ಗುಂಡು ಹೋದ ಕೂಡಲೇ ಇನ್ನೊಂದು ತಾನೇ ಬಂದು ಕೂರುತ್ತದೆ.

"ಅದು ಅರ್ಧ ಆತು. ಉಳಿದ ಅರ್ಧ?"

"ಉಳಿದ ಅರ್ಧ ನಾವ ಬೇ. ಬೆರಳಿಟ್ಟು ಕುದುರಿ ಎಳದು ಗುಂಡ ಹಾರಸೂದು ನಮ್ಮ ಕೈಯಾಗ."

ನನಗೆ ಅಂಜಿಕೆ ಆ ಉಳಿದ ಅರ್ಧದ್ದೇ ಎಂದು ಹೇಳಬೇಕೆಂದುಕೊಂಡೆ. ಚಹಾ ಇಟ್ಟೆ.

ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ಬಿಡೋಣ ಎಂದಾಯಿತು. ಠಾಣೆಯಿಂದ ಕಾಗದ ಮಾಡಿಸಿ ಹಳೆಯದನ್ನು ಬಿಡಿಸಿಕೊಂಡು ಹುಬ್ಬಳ್ಳಿಯ ಬಂದೂಕಿನ ಅಂಗಡಿಗೆ ಹೊರಟರು. ವಾರಸುದಾರಳೆಂದು ನನ್ನ ಸಹಿ ಬೇಕಿತ್ತು, ನಾನೂ ಹೋದೆ. ಆ ಅಂಗಡಿಯಲ್ಲಿ ಕೂತ ಹೊತ್ತನ್ನು ನಾನು ಮರೆಯಲಾರೆ. ಗೋಡೆಯ ತುಂಬ ಬಂದೂಕುಗಳು. ಯಾವ ಬಂದೂಕಿನ ಬಾಯಿ ಯಾವ ಕಡೆಗಿದೆ ಎಂದು ನೋಡಿ ನೋಡಿ ಕುರ್ಚಿ ಸರಿಸುತ್ತ ಸರಿಸುತ್ತ ನಾನು ಬಾಗಿಲಿಗೆ ಬಂದಿದ್ದೆ.

ಅಂಗಡಿಯವನು ಮೊದಲು ಹೊಸ ದೇಶಿ ಪಿಸ್ತೂಲು ತೆಗೆದು ಅದರ ಮೇಲಿನ ಭಾಗವನ್ನು ಹಿಂದಕ್ಕೆ ಎಳೆದು ಬಿಟ್ಟ. ಖಟಕ್ ಎಂದಿತು. ನಾನು ಎದ್ದೇ ನಿಂತೆ. "ಖಾಲಿ ಐತ್ರಿ ಅವ್ವಾರ, ಕುಂದರ್ರಿ" ಎಂದು ನಕ್ಕ. ಆಮೇಲೆ ಶಿವಪ್ಪ ಖಣದ ಬಟ್ಟೆ ಬಿಚ್ಚಿ, ಮಗಳನ್ನು ತೋರಿಸಲು ಕರೆತಂದ ತಂದೆಯ ಹಾಗೆ ನಮ್ಮ ಫಾರಿನ್ ಪಿಸ್ತೂಲನ್ನು ಮುಂದಿಟ್ಟರು. ಅಂಗಡಿಯವನು ಎಳೆದ. ಬರಲಿಲ್ಲ. ಎದ್ದು ನಿಂತು ಎಳೆದ. ಬರಲಿಲ್ಲ. ಈರಣ್ಣ ಹಲ್ಲು ಕಚ್ಚಿ ಎಳೆದ, ಅದು ಜಪ್ಪಯ್ಯ ಅನ್ನಲಿಲ್ಲ. ಅಂಗಡಿಯವನು ಅದನ್ನು ಮೂಗಿನ ಹತ್ತಿರ ಹಿಡಿದ.

"ಸಾವಕಾರ್ರ, ಇದಕ ಏನ ಹಾಕ್ತಿದ್ರಿ?"

"ಏನ ಹಾಕೂದ್ರಿ? ಪೂಜಿ ದಿನ ಎಣ್ಣಿ" ಎಂದರು ಶಿವಪ್ಪ.

"ಯಾವ ಎಣ್ಣಿ?"

"ಕುಸುಬೀದು. ಗಾಣದ್ದು. ಚೊಕ್ಕ ಇರತೈತ್ರಿ!"

ಅಂಗಡಿಯವನು ಅದನ್ನು ಮೆಲ್ಲಗೆ ಕೆಳಗಿಟ್ಟ. "ಬಜಿ ಕರಿಯೂ ಬೋಗುಣಿ ವಾಸನಿ ಬರಾಕತ್ತಿತ್ತು, ಅದಕ್ಕ ಕೇಳಿದೆ. ಒಳಗ ಎಲ್ಲಾ ಅಂಟಾಗಿ ಗಟ್ಟಿ ಆಗಿ ಕುಂತೈತ್ರಿ. ಇದು ಪಿಸ್ತೂಲ ಅಲ್ಲ, ಎಲಿ ಅಡಿಕಿ ಕುಟ್ಟಾಕ ಚಲೋ ಆಗತೈತಿ."

ಎಣ್ಣೆಯ ಡಬ್ಬಿಯ ಹೊರಮೈಗೆ ಇಳಿದ ಕುಸುಬಿ ಎಣ್ಣೆ ಹೇಗೆ ಹಳದಿ ಅಂಟಾಗಿ ಕೂರುತ್ತದೆ, ಬೂದಿ ಹಾಕಿ ತಿಕ್ಕಿದರೂ ಹೇಗೆ ಬಿಡುವುದಿಲ್ಲ ಎಂಬುದು ಅಡುಗೆಮನೆಯಲ್ಲಿ ಕೈ ತಿಕ್ಕಿಕೊಂಡ ಯಾವ ಹೆಂಗಸಿಗೂ ಗೊತ್ತು. ಆ ಡಬ್ಬಿಯನ್ನೂ ಈ ಪಿಸ್ತೂಲನ್ನೂ ಜೋಡಿಸಿ ನೋಡಬೇಕೆಂದು ಮಾತ್ರ ನಮಗಾರಿಗೂ ಹೊಳೆದಿರಲಿಲ್ಲ. ಶಿವಪ್ಪ ಖಣದ ಬಟ್ಟೆಯನ್ನು ಮಡಚುತ್ತ, "ಅಂದ್ರೂ ಫಾರಿನ್ ಐತ್ರಿ" ಎಂದರು. ಫಾರಿನ್ ಪಕ್ಷದ ಕೊನೆಯ ಮಾತು ಅದೇ. ಹಳೆಯದನ್ನು ಅಲ್ಲಿಯೇ ಬಿಟ್ಟು, ಕಾಗದಪತ್ರ ಮುಗಿದ ಮೇಲೆ ದೇಶಿಯದು ಮನೆಗೆ ಬಂತು.

ಹುಬ್ಬಳ್ಳಿಯಿಂದ ಬರುವಾಗ ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಆ ಖಟಕ್ ಸದ್ದೇ. ನಮ್ಮ ಹಳೆಯ ಪಿಸ್ತೂಲು ಇಷ್ಟು ವರ್ಷ ಮನೆಯಲ್ಲಿದ್ದು ಅಂಥ ಸದ್ದು ಮಾಡಿದ್ದನ್ನು ನಾನು ಕೇಳಿರಲಿಲ್ಲ. ಎಂದರೆ ಮುತ್ಯಾ ಅಷ್ಟೂ ವರ್ಷ ಸೊಂಟಕ್ಕೆ ಕಬ್ಬಿಣದ ಗಟ್ಟಿ ಕಟ್ಟಿಕೊಂಡು ಓಡಾಡಿದರು, ಸುರಕ್ಷಿತವಾಗಿ ಬಂದರು. ಒಮ್ಮೆ ನರಗುಂದದ ಪೇಟೆಯಲ್ಲಿ ತೂಕದ ಮೇಲೆ ಜಗಳವಾಗಿ ಒಬ್ಬ ಇವರ ಅಂಗಿಯ ಕಾಲರಿಗೆ ಕೈ ಹಾಕಿದ್ದನಂತೆ. ಇವರು ಸೊಂಟಕ್ಕೆ ಕೈ ಹಾಕಿದ ಕೂಡಲೇ ಸುತ್ತಲಿನವರೆಲ್ಲ ಹಿಂದೆ ಸರಿದರಂತೆ. ಇವರು ತೆಗೆದದ್ದು ಎಲೆ ಅಡಿಕೆಯ ಚೀಲ. ಕಾಲರು ಹಿಡಿದವನಿಗೇ ಒಂದು ಎಲೆ ಕೊಟ್ಟರಂತೆ. ಶಿವಪ್ಪ ಇದನ್ನು ಅಣ್ಣನ ಧೈರ್ಯದ ಕಥೆಯೆಂದು ಹೇಳುತ್ತಿದ್ದರು. ಕಾರಿನಲ್ಲಿ ಕೂತ ನನಗೆ ಅವರ ಇನ್ನೊಂದು ಮಾತು ನೆನಪಾಯಿತು. 'ಇನ್ನೊಂದ ಚಮಚಾ ಹಾಕು.' ಅವರಿಗೆ ಗೊತ್ತಿತ್ತೇ? ಕೇಳೋಣವೆಂದರೆ ಅವರಿಲ್ಲ. ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡಿ.

ದಸರೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಗಂಡಹೆಂಡಿರಿಬ್ಬರು ಮೋಟಾರ್ ಸೈಕಲ್ ಮೇಲೆ ನಮ್ಮ ಬಾಗಿಲಿಗೆ ಬಂದರು, ನಿಮಗೆ ನೆನಪಿರಬೇಕು. ಇಟಗಿಯವರು. ಹೆಂಡತಿಯ ತೊಡೆಯ ಮೇಲೆ ಬಟ್ಟೆಯ ಚೀಲ.

"ನೀವೇನ್ರಿ ಅಣ್ಣಾರ, ಆ ಕಾರಿನವರು?" ಎಂದ ಗಂಡ. "ಮುಶಿಗೇರಿ ಹತ್ರ ನಿಮ್ಮ ಡಿಕ್ಕಿ ಬಾಗಲಾ ತೆರದು ಈ ಚೀಲ ಬಿತ್ರಿ. ಎಷ್ಟ ಒದರಿದ್ವಿ! ನಾವು ಮುಶಿಗೇರಿ ಬೀಗರ ಮನಿಗೆ ಹೊಂಟವ್ರು, ನಿಮ್ಮ ಬೆನ್ನಹತ್ತಿ ಅವರ ಊರ ದಾಟಿ ಬಂದ್ವಿ."

ಅವನ ಹೆಂಡತಿ, "ನಾ ಹಿಂದ ಕುಂತು ಸೆರಗ ಬೀಸೇ ಬೀಸಿದೆ. ಇವರು ವಿಮಾನ ಹೊಡದ್ಹಂಗ ಹೊಡದ್ರು" ಎಂದಳು. ಚೀಲದ ಮೇಲಿದ್ದ ಅಂಗಡಿಯ ನಂಬರಿಗೆ ಫೋನು ಮಾಡಿದರೆ ಅಂಗಡಿಯವನು, 'ಆ ಬೈಯೂ ಸಾವಕಾರ್ರೇನು' ಎಂದು ನಮ್ಮ ವಿಳಾಸ ಕೊಟ್ಟನಂತೆ. ಹೆಸರುಕಾಳಿನ ಸುಗ್ಗಿ ಬಂದು ಬರಲು ತಡವಾಯಿತೆಂದು ಅವರೇ ತಪ್ಪಾಯಿತು ಎಂದರು. ಈರಣ್ಣ ಅವರಿಗೆ ತಾನೇ ಕುರ್ಚಿ ಹಾಕಿದ, ತಾನೇ ನೀರು ಕೊಟ್ಟ. ಶೈಲಾ ಆ ಹೆಣ್ಣುಮಗಳಿಗೆ ಕುಂಕುಮ ಹಚ್ಚುವಾಗ ನಾನು ಅವಳ ಹಣೆಯನ್ನೇ ನೋಡುತ್ತಿದ್ದೆ. ಆ ಸಂಜೆ ಈರಣ್ಣನ ಸೊಂಟದಲ್ಲಿ ಒಂದು ಖಾತ್ರಿಯ ಪಿಸ್ತೂಲು ಇದ್ದಿದ್ದರೆ ಎಂದು ನೆನೆದು ಒಳಗೆ ಹೋಗಿ ಅವರಿಬ್ಬರಿಗೂ ಚಹಾ ಇಟ್ಟೆ.

ಮಹಾನವಮಿಯ ದಿನ ನೀವು ತೊಟ್ಟದ್ದು ಆ ಬಟ್ಟೆಗಳನ್ನೇ, ಸಂಗಮೇಶನಿಗೆ ಆಗಲೇ ಬಿಗಿಯಾಗಿತ್ತು. ನಾನು ಕುಡಗೋಲು, ಕೊಡಲಿಗೆಲ್ಲ ಎಣ್ಣೆ ಹಚ್ಚಿ ಹೊಸ ಪಿಸ್ತೂಲಿನ ಹತ್ತಿರ ಬಂದು ಕೈ ತಡೆದೆ. ಶಿವಪ್ಪ, "ಅದಕ ಬ್ಯಾಡ್ರಿ ವೈನಿ, ಅಂಗಡ್ಯಾವ ಹೇಳಿದ್ದ ನೆನಪೈತಿಲ್ಲ?" ಎಂದರು. ಈರಣ್ಣ ನಿಮ್ಮಿಬ್ಬರ ಬಟ್ಟೆಯನ್ನು ನೋಡುತ್ತ ನಿಂತಿದ್ದ. ಆಮೇಲೆ ಗುಂಡಿನ ಡಬ್ಬಿ ತೆಗೆದು ಬದಿಗಿಟ್ಟು, ಅಪ್ಪ ಹಿಡಿಯುತ್ತಿದ್ದ ಹಾಗೆಯೇ ಅದನ್ನು ಮೇಲ್ಮುಖವಾಗಿ ಹಿಡಿದ.

"ಹಾಕಬೇ ಯವ್ವಾ. ಮನಿ ಪದ್ಧತಿ ಬಿಡೂದ ಬ್ಯಾಡ."

ಮಗನ ಕೈಯ ಪಿಸ್ತೂಲು ಹಾರದಿರಲಿ ಎಂದೇ ಅಲ್ಲವೇ ಪಂಚಮಿಯಿಂದ ನಾನು ಬೇಡಿಕೊಂಡದ್ದು? ಆದರೆ ಅವನು ಹಾಕು ಎಂದ ಕೂಡಲೇ ಇನ್ನೊಂದು ಅಂಜಿಕೆ ಎದ್ದಿತು. ಬೆನ್ನುಹತ್ತಿದವರೆಲ್ಲ ಇಟಗಿಯವರೇ ಆಗಿರಬೇಕೆಂದೇನಿದೆ? ನಾಳೆ ಯಾರೋ ನಿಜವಾಗಿ ಅಡ್ಡಗಟ್ಟಿ, ನನ್ನ ಮಗ ಇದನ್ನು ತೆಗೆದು, ಇದು ಎಣ್ಣೆ ಕುಡಿದು ಸುಮ್ಮನೆ ಕೂತರೆ? ಅರ್ಧ ಚಮಚ ಹಾಕಿ ನಿಲ್ಲಿಸಿದೆ. ಈರಣ್ಣ ಇನ್ನೊಂದು ಹಾಕು ಎನ್ನಲಿಲ್ಲ, ಸಾಕು ಎಂದೂ ಅನ್ನಲಿಲ್ಲ. ಅರ್ಧ ತಾನೇ ಹಾರುವ ಪಿಸ್ತೂಲಿಗೆ ಅರ್ಧ ಚಮಚ ಎಣ್ಣೆ. ಈಗ ಅದು ಬೇಡವಾದಾಗ ಹಾರುವುದಿಲ್ಲ ಎಂಬ ಖಾತ್ರಿಯಿಲ್ಲ, ಬೇಕಾದಾಗ ಹಾರುತ್ತದೆ ಎಂಬ ಖಾತ್ರಿಯೂ ಇಲ್ಲ. ಮೊದಲು ನನ್ನ ಎರಡು ಅಂಜಿಕೆಗಳು ಸರದಿಯ ಮೇಲೆ ಬರುತ್ತಿದ್ದವು. ನನ್ನ ಜಾಣತನದಿಂದ ಈಗ ಎರಡೂ ಒಟ್ಟಿಗೇ ತಿಜೋರಿಯಲ್ಲಿವೆ. ಮುಂದಿನ ಎಲೆಕ್ಷನ್ ಯಾವಾಗ ಎಂದು ಯಾರನ್ನು ಕೇಳಲಿ ಎಂದು ನೋಡುತ್ತಿದ್ದೇನೆ.

ಮುಂದೊಂದು ದಿನ ಈ ಪಿಸ್ತೂಲು ನಿಮ್ಮಿಬ್ಬರಲ್ಲಿ ಒಬ್ಬರ ಪಾಲಿಗೆ ಬಂದೀತು. ಯಾವನಾದರೂ ಅಂಗಡಿಯವನು ಮೂಸಿ ನೋಡಿ ನಕ್ಕರೆ ನಾಚಿಕೊಳ್ಳಬೇಡಿ, ಅದು ನಿಮ್ಮ ಆಯಿಯ ಕೈವಾಸನೆ. ಉಳಿದ ಅರ್ಧ ಚಮಚ ಹಾಕಬೇಕೋ ಬೇಡವೋ ನೀವೇ ಕೂತು ಮಾತಾಡಿಕೊಳ್ಳಿ, ಚಹಾ ಇಡಲು ನಾನಿರುವುದಿಲ್ಲ. ಅಲ್ಲಿಯ ತನಕ ಈ ಹಾಳೆಗಳನ್ನು ಜೋಪಾನ ಮಾಡಿ. ತಿಜೋರಿಯಲ್ಲಿ ಮಾತ್ರ ಇಡಬೇಡಿ, ಎಣ್ಣೆ ಹತ್ತೀತು.