ರಾಣಿಗೆ ಭಯವೇ ಬರಲಿಲ್ಲ

ನಮ್ಮ ದೊಡ್ಡಪ್ಪನಂಥ ಗರತಿ ಹೆಂಡತಿ ಇಡೀ ಚನ್ನಪಟ್ಟಣದಲ್ಲಿ ಹುಡುಕಿದರೂ ಸಿಗುವುದಿಲ್ಲ! ಗಾಬರಿಯಾಗಬೇಡಿ. ವಾರವೆಲ್ಲ ಮರದ ಬೊಂಬೆ ಮಾಡುವ ಈ ಗಂಡಸು ನಾಟಕದಲ್ಲಿ ರಾಣಿಯ ಪಾರ್ಟು ಮಾಡುತ್ತಾರೆ. ಈ ಕಾಲದಲ್ಲೂ ಯಾಕೆ ಅಂತೀರಾ? ಒಂದು ವರ್ಷ ರಾಜನಾಗಿದ್ದರು. ಶಿಳ್ಳೆಗಳೆಲ್ಲ ರಾಣಿಯಾಗಿ ಬಂದ ಕಲಾವಿದೆಗೇ ಹೋದವು. ಆ ಹೊಟ್ಟೆಕಿಚ್ಚಿಗೆ ಮೀಸೆ ಬೋಳಿಸಿ ಸೀರೆ ಉಟ್ಟೇಬಿಟ್ಟರು!

ಮನೆಯಲ್ಲಿ ಮಾತ್ರ ಅವರೇ ಮಹಾರಾಜರು. ಕೈಗೆಟುಕುವ ಚೊಂಬನ್ನೂ ದೊಡ್ಡಮ್ಮನೇ ಎತ್ತಿಕೊಡಬೇಕು. ಸಾರಿಗೆ ಉಪ್ಪು ಹೆಚ್ಚಾದರೆ ಕೈ ಎತ್ತುತ್ತಿದ್ದರು. ಚಿಕ್ಕಂದಿನಲ್ಲಿ ನಾನು ತಟ್ಟೆ ಸಮೇತ ಹಿತ್ತಿಲಿಗೆ ಓಡುತ್ತಿದ್ದೆ.

ಈ ಸಲ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು: "ರಾಜ ಅಂತಃಪುರಕ್ಕೆ ಕರೀತಾನೆ, ರಾಣಿ ಒಲ್ಲೆ ಅಂತಾಳೆ, ರಾಜ ಕೈ ಎತ್ತಾನೆ. ಅಲ್ಲಿ ನಿಮ್ ಮುಖದಾಗೆ ಒಸೀನೂ ಭಯ ಇಲ್ವಲ್ಲ! ನಾಳೀಕೂ ಬರ್ನಿಲ್ಲ ಅಂದ್ರೆ ರಾಮನಗರದಿಂದ ಕಲಾವಿದೇನ ಕರೆಸ್ಬುಡ್ತೀನಿ."

ದೊಡ್ಡಪ್ಪನಿಗೆ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆಯೇ ದೊಡ್ಡಮ್ಮನ ಸೀರೆ ಸುತ್ತಿಕೊಂಡು ಹಜಾರದಲ್ಲಿ ನಿಂತು ಕೂಗಿದರು: "ಅಮ್ಮೀ, ಒಸಿ ಬಾ ಇಲ್ಲಿ. ನೀನೇ ರಾಜ ಆಗು."

"ಮುದ್ದೆಗೆ ಎಸ್ರು ಇಟ್ಟಿವ್ನಿ."

"ಮುದ್ದೆ ಆಮ್ಯಾಕೆ! ನನ್ ಪಾರ್ಟೇ ಹೋಯ್ತದೆ!"

ದೊಡ್ಡಮ್ಮ ಕೈ ಒರೆಸಿಕೊಂಡು ಬಂದರು. ಪುಸ್ತಕ ಬೇಕಾಗಲಿಲ್ಲ, ಕೇಳಿ ಕೇಳಿ ಮಾತೆಲ್ಲ ಬಾಯಿಪಾಠವಾಗಿತ್ತು. "ಎಲೆ ರಮಣಿ! ನಾನು ಕರೆದಾಗ ಬರುವುದೇ ನಿನ್ನ ಧರ್ಮ!" ಬಾಗಿಲಲ್ಲಿ ನಿಂತಿದ್ದ ನಾನು ಕಿಸಕ್ಕನೆ ನಕ್ಕೆ.

"ಒಲ್ಲೆ ಪ್ರಭು," ಎಂದು ದೊಡ್ಡಪ್ಪ ನುಲಿದರು.

ದೊಡ್ಡಮ್ಮ ಒಂದು ಹೆಜ್ಜೆ ಮುಂದೆ ಬಂದರು. ಹಲ್ಲು ಕಚ್ಚಿದರು. ಕೈ ಮೇಲೆದ್ದಿತು. ಆ ನಿಲುವು ಯಾವ ರಾಜನದೂ ಅಲ್ಲ, ಸಾಕ್ಷಾತ್ ದೊಡ್ಡಪ್ಪನದು! ನಾನು ನಗು ನಿಲ್ಲಿಸಿ ಬಾಗಿಲ ಹಿಂದಕ್ಕೆ ಸರಿದೆ. ಹೊಡೆದೇಬಿಡುತ್ತಾರಾ? ಹೊಡೆದರೆ ತಪ್ಪು ಅನ್ನಲು ಆ ಮನೆಯಲ್ಲಿ ಯಾರಿಗೆ ಬಾಯಿದೆ? ಎತ್ತಿದ ಕೈ ಇಳಿಯಲಿಲ್ಲ. ದೊಡ್ಡಪ್ಪ ಮಾತು ಮರೆತರು. ಕಣ್ಣು ಮುಚ್ಚಿ, ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡರು.

ಕೊನೆಗೆ ದೊಡ್ಡಮ್ಮ ಕೈ ಇಳಿಸಿದರು. "ಭಯ ಬಂತಲ್ಲ. ಅಲ್ಲೂ ಹಿಂಗೇ ಮಾಡಿ."

ದೊಡ್ಡಪ್ಪ ಕಣ್ಣು ಬಿಟ್ಟರು. "ನಿಂಗೂ ಹಿಂಗೇ ಆಯ್ತಿತ್ತಾ ಅಮ್ಮೀ?"

"ಸೆರಗು ಅಡ್ಡ ಹಿಡಿಯಾಕೆ ನಂಗೆ ನೀವು ಟೈಮೇ ಕೊಡ್ತಿರ್ನಿಲ್ಲ."

ಸೀರೆ ಉಟ್ಟ ದೊಡ್ಡಪ್ಪ ಆ ಕೈಯನ್ನು ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಅವರ ಮೇಲೆ ನನಗಿದ್ದ ಅಷ್ಟು ವರ್ಷದ ಸಿಟ್ಟು ಅವತ್ತೇ ಹೋಯಿತು ಅಂದರೆ ಸುಳ್ಳಾಗುತ್ತದೆ. ಆದರೆ ದೊಡ್ಡಮ್ಮ ಬಹಳ ಹೊತ್ತು ಕೈ ಬಿಡಿಸಿಕೊಳ್ಳಲಿಲ್ಲ.